ಒಂದು ಸ್ಟೇಷನ್ ಮೊದಲೇ

ರೀ,

ಹರಿಹರಕ್ಕೆ ಹೋಗಿಬರಲು ಕಾರಿನವನು ಸಾವಿರ ಕೇಳಿದ, ಚೌಕಾಸಿ ಮಾಡದೆ ಒಪ್ಪಿಬಿಟ್ಟೆ. ಹೊರದೇಶದ ಯುದ್ಧದ ವರದಿ ಮುಗಿಸಿ ರಶ್ಮಿತಾ ಬರುತ್ತಿದ್ದಾಳೆ! ರೈಲು ನಮ್ಮ ದಾವಣಗೆರೆಗೂ ಬರುತ್ತದೆ, ಗೊತ್ತು. ಆದರೆ ಒಂದು ಸ್ಟೇಷನ್ ಮೊದಲೇ ಮಗಳ ಮುಖ ನೋಡಬೇಕು ನನಗೆ.

ಟಿ.ವಿ. ಸುದ್ದಿ ಬಂದ್ ಮಾಡಿ. ಎದುರಿನ ಮದುವೆ ಮನೆಯವರಿಗೆ ಇವತ್ತು ಪಟಾಕಿ ಬೇಡವೆಂದು ಹೇಳಿದ್ದೇನೆ.

"ಅವ್ವಾ, ಮಂಡಕ್ಕಿ ಮೆಣಸಿನಕಾಯಿ ಇಲ್ದಿದ್ರೆ ವಾಪಸ್ ಯುದ್ಧಕ್ಕೇ ಹೋಗ್ತೀನಿ ನೋಡು" ಅಂತ ಫೋನಿನಲ್ಲಿ ಹೆದರಿಸಿದಳು. ಬಿಸಿಬಿಸಿ ತಂದಿಡಿ.

"ಅಪ್ಪಾಜಿಗೆ ಹೇಳಬ್ಯಾಡ" ಅಂದಿದ್ದಳು. ಆದರೂ ಹೇಳುತ್ತೇನೆ, ಅವಳೆದುರು ನೀವು ಗಾಬರಿಯಾಗಬಾರದು. ಅವಳ ಬಲಗಡೆ ಕೂತು ಮಾತಾಡಿ. ಬಾಂಬಿನ ಸದ್ದಿಗೆ ಎಡಗಿವಿ ಹೋಗಿದೆ. ಮಗಳು ಉಳಿದಿದ್ದಾಳೆ.