ಮೊದಲ ಯುಗಾದಿಯ ಬೊಂತ

ಫೆಬ್ರವರಿ 11, 2007. ಭಾನುವಾರ

ಆರಕ್ಕೆ ಎದ್ದೆ. ಹಾಲು ಕಾಯಿಸಿದೆ. ಬೈನಾಕ್ಯುಲರ್ ತೆಗೆದುಕೊಂಡು ಕೆರೆಗೆ ಹೋದೆ — ಭಾನುವಾರ ಹೋಗುವುದು ರೂಢಿ, ಅದಕ್ಕೆ. ಆಫೀಸಿನ ಕೋನಪ್ಪ ಆಗಲೇ ಏರಿ ಮೇಲೆ ಕೂತಿದ್ದ. ಬಣ್ಣದ ಕೊಕ್ಕರೆ ಬಂದಿವೆ ಎಂದು ತೋರಿಸಿದ. ನೋಡಿದೆ. ಗುಲಾಬಿ ಪುಕ್ಕ ಕಂಡಿತು. ಅಷ್ಟೆ.

ವಾಪಸ್ ಬಂದಾಗಲೆಲ್ಲ ಹೆಂಡತಿ ಗಂಗು ಕೇಳುತ್ತಿದ್ದಳು, "ಇವತ್ತು ಯಾರ್ಯಾರು ಬಂದಿದ್ರು?" ಹಕ್ಕಿಗಳೆಲ್ಲ ನೆಂಟರು ಎನ್ನುವ ಹಾಗೆ. ಸಂಕ್ರಾಂತಿಯ ಮಾರನೆಯ ದಿನ ತಲೆನೋವು ಅಂದಳು, ಮಲಗಿದಳು. ಮೆದುಳಲ್ಲಿ ರಕ್ತಸ್ರಾವ ಎಂದರು ಡಾಕ್ಟರು. ಸಂಜೆಗೆ ಮುಗಿಯಿತು.

ನನಗೆ ಇನ್ನೂ ಅಳು ಬಂದಿಲ್ಲ. ಬರಬೇಕೇನೋ.

ಫೆಬ್ರವರಿ 14

ತಿಥಿಗೆ ಬಂದ ಅತ್ತೆ ಅಮ್ಮಾಜಮ್ಮ ಕೆಂಚಾರ್ಲಹಳ್ಳಿಗೆ ವಾಪಸ್ ಹೋಗಿಲ್ಲ. ಹೋಗಿ ಎಂದು ನಾನೂ ಹೇಳಿಲ್ಲ, ಇರಿ ಎಂದೂ ಹೇಳಿಲ್ಲ. ಅಳಿಯನ ಎದುರು ಕೂರುವುದಿಲ್ಲ ಅವರು. ಅಡುಗೆಮನೆ ಬಾಗಿಲ ಹಿಂದಿನಿಂದಲೇ ಮಾತು.

ಇವತ್ತು ಟ್ರಂಕಿನ ಮೇಲಿದ್ದ ಬೊಂತ ತಂದು ನಡುಮನೆಯಲ್ಲಿ ಹಾಸಿದರು. ಮಗಳು ತನುಜಳಿಗೆಂದು ಗಂಗು ಅರ್ಧ ಹೊಲಿದು ಬಿಟ್ಟದ್ದು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಒತ್ತೊತ್ತಾಗಿ ಹೊಲಿಗೆ ಹಾಕುವುದು. ಮಗಳಿಗೆ ಮದುವೆಯಾದ ಮೇಲಿನ ಮೊದಲ ಯುಗಾದಿಗೆ ತಾಯಿಯೇ ಕೈಯಾರೆ ಹೊಲಿದು ಕೊಡಬೇಕು — ಅವರ ಮನೆತನದ ಪದ್ಧತಿ. ಗಂಗುವಿಗೆ ಅತ್ತೆ ಕೊಟ್ಟದ್ದನ್ನು ನಾನು ಈಗಲೂ ಹೊದೆಯುತ್ತೇನೆ.

ಅತ್ತೆಯ ಕಣ್ಣಿಗೆ ಪೊರೆ. ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಬಾಗಿಲ ಹಿಂದಿನಿಂದ ಕೈ ಮಾತ್ರ ಚಾಚಿದರು. ಪೋಣಿಸಿ ಕೊಟ್ಟೆ.

ಫೆಬ್ರವರಿ 20

ಅತ್ತೆಗೆ ಹೊಲಿಗೆ ಕಾಣುತ್ತಿಲ್ಲ. ಬೆರಳಿಗೆ ಚುಚ್ಚಿಕೊಂಡಿದ್ದಾರೆ. ನಾನೇ ಹೊಲಿಯುತ್ತೇನೆ, ಹೇಳಿಕೊಡಿ ಎಂದೆ. ಯಾಕೆ ಹಾಗಂದೆನೋ ಗೊತ್ತಿಲ್ಲ. ಸಂಜೆ ಹೊತ್ತು ಹೋಗುತ್ತಿರಲಿಲ್ಲ, ಅದಕ್ಕಿರಬೇಕು.

"ಗಂಡಸರು ಬೊಂತ ಕುಟ್ಟೋದಾ ಅಳಿಯಂದಿರೇ? ನೋಡ್ದೋರು ಏನಂತಾರೆ."

ಯಾರೂ ನೋಡುವುದಿಲ್ಲ ಎಂದೆ. ಆಮೇಲೆ ಸೆರಗು ಹೊದ್ದುಕೊಂಡು ಬಂದು ಬೊಂತದ ಆಚೆ ತುದಿಗೆ, ಅರ್ಧ ಮುಖ ತಿರುಗಿಸಿ ಕೂತರು. ಮದುವೆಯಾದಾಗಿನಿಂದ ಇದೇ ಮೊದಲು.

ಮಾರ್ಚ್ 4

ಹೊಲಿಗೆ ಸೊಟ್ಟ. ಬಿಚ್ಚಿಸುತ್ತಾರೆ. ಮತ್ತೆ ಹಾಕುತ್ತೇನೆ. ಕೆರೆಗೆ ಹೋಗಲಿಲ್ಲ. ಸೂಜಿಬಾಲದ ಬಾತುಗಳು ಹೊರಟು ಹೋದವಂತೆ, ಕೋನಪ್ಪ ಫೋನ್ ಮಾಡಿದ್ದ. ಸರಿ ಎಂದೆ.

ಗೌರಿಬಿದನೂರಿನಿಂದ ಅಳಿಯ ಜಗನ್ ಕೂಡ ಫೋನ್ ಮಾಡಿದ್ದ. ತನುಜಳ ಹೆರಿಗೆ ತಮ್ಮಲ್ಲೇ ಆಗಲಿ ಎಂದು ಅವನ ತಾಯಿ ಹೇಳುತ್ತಿದ್ದಾರಂತೆ — ಇಲ್ಲಿ ನೋಡಿಕೊಳ್ಳುವ ಹೆಂಗಸು ಯಾರಿದ್ದಾರೆ ಎಂದು. ಹಾಗೇ ಆಗಲಿ ಎನ್ನುವವನಿದ್ದೆ. ಅತ್ತೆ ಫೋನ್ ಕಿತ್ತುಕೊಂಡರು.

"ಚೊಚ್ಚಲ ಹೆರಿಗೆ ತವರಲ್ಲೇ ಕಣಪ್ಪ. ನಾನು ಬದುಕಿದೀನಿ ಇನ್ನೂ."

ಮಾರ್ಚ್ 21

ಯುಗಾದಿ ಬಂದು ಹೋಯಿತು. ಸಾವಾದ ಮನೆ, ಈ ವರ್ಷ ಹಬ್ಬ ಇಲ್ಲ. ಹಬ್ಬದ ಹಿಂದಿನ ದಿನ ಬೊಂತ ಮುಗಿದಿತ್ತು. ಮಡಿಸಿಟ್ಟೆವು. ಸಂತೋಷ ಆಗಬಹುದು ಅಂದುಕೊಂಡಿದ್ದೆ.

ಮಾರ್ಚ್ 25

ತನುಜ ಬಂದಳು. ಕಾಲು ಊದಿಕೊಂಡಿವೆ. ಅಮ್ಮನ ಫೋಟೊ ಕಡೆ ನೋಡಲಿಲ್ಲ. ಊಟವಾದ ಮೇಲೆ ಬೊಂತ ಕೈಗೆ ಕೊಟ್ಟೆ. ತೊಡೆಯ ಮೇಲೆ ಬಿಡಿಸಿಕೊಂಡು ಹೊಲಿಗೆಯ ಮೇಲೆ ಬೆರಳಾಡಿಸುತ್ತ ಹೋದಳು. ಒಂದು ಕಡೆ ನಿಲ್ಲಿಸಿದಳು.

"ಇಲ್ಲಿಂದ ಯಾರು ಹೊಲಿದಿದ್ದು?"

ನಾನು ಎಂದೆ.

"ಯಾರಪ್ಪ ಹೊಲಿ ಅಂದ್ರು ನಿಂಗೆ? ಅಮ್ಮ ಎಲ್ಲಿಗೆ ಬಿಟ್ಟಿದ್ಲೋ ಅಲ್ಲಿಗೇ ಇರಬೇಕಿತ್ತು. ನಂಗೆ ಅಷ್ಟೇ ಸಾಕಿತ್ತು."

ಎದ್ದು ಒಳಗೆ ಹೋದಳು. ಅತ್ತೆ ಸೆರಗಲ್ಲಿ ಕಣ್ಣೊರೆಸಿಕೊಂಡರು. ನಾನು ಸ್ಟೋರ್‌ನಿಂದ ಬ್ಲೇಡ್ ತಂದೆ.

ಮಾರ್ಚ್ 28

ಆಫೀಸಿಗೆ ರಜಾ ಹಾಕಿದೆ. ಬಿಚ್ಚುತ್ತಿದ್ದೇನೆ. ದಾರ ಕತ್ತರಿಸುವುದು, ಎಳೆಯುವುದು. ಹೊಲಿಯುವುದಕ್ಕಿಂತ ಬೇಗ ಆಗುತ್ತದೆ. ಬೇಜಾರೂ ಇಲ್ಲ, ಸಿಟ್ಟೂ ಇಲ್ಲ. ಅತ್ತೆ ಬೇಡ ಎನ್ನಲಿಲ್ಲ, ಆದರೆ ಇಡೀ ದಿನ ಊಟ ಮಾಡಲಿಲ್ಲ.

ಮಾರ್ಚ್ 29

ನನ್ನ ಹೊಲಿಗೆಯೆಲ್ಲ ಹೋಯಿತು. ಕೊನೆಯಲ್ಲಿ ಸಿಕ್ಕಿಹಾಕಿಕೊಂಡೆ. ಗಂಗು ನಿಲ್ಲಿಸಿದ ಜಾಗದ ಹತ್ತಿರ ಒಂದು ಸಾಲು. ದಾರ ಒಂದೇ, ಬಣ್ಣ ಒಂದೇ. ನನ್ನದು ಅನ್ನೋಣವೆಂದರೆ ತೀರಾ ನೇರ. ಅವಳದು ಅನ್ನೋಣವೆಂದರೆ ಸ್ವಲ್ಪ ಸೊಟ್ಟ... ಬ್ಲೇಡ್ ಹಿಡಿದು ಕೂತೇ ಇದ್ದೆ.

ತನುಜ ಬಾಗಿಲಲ್ಲಿ ನಿಂತು ನೋಡಿದಳು. ಹತ್ತಿರ ಬಂದು, ಗೋಡೆ ಹಿಡಿದುಕೊಂಡು ನಿಧಾನಕ್ಕೆ ಕೂತಳು.

"ಯಾಕೆ ನಿಲ್ಲಿಸಿದೆ?"

"ಇದು ಅಮ್ಮಂದಾ ನಂದಾ ಗೊತ್ತಾಗ್ತಿಲ್ಲ ಕಣಮ್ಮ."

ಬೊಂತ ಕಿಟಕಿಯ ಬೆಳಕಿಗೆ ಹಿಡಿದಳು. ತಿರುಗಿಸಿ ಹಿಂಬದಿ ನೋಡಿದಳು. ಬಹಳ ಹೊತ್ತು. ಅವಳಿಗೂ ಗೊತ್ತಾಗಲಿಲ್ಲ. ನನ್ನ ಕೈಯಿಂದ ಬ್ಲೇಡ್ ತೆಗೆದು ಕಿಟಕಿಯ ಮೇಲಿಟ್ಟಳು. ಆಮೇಲೆ ಅತ್ತಳು, ಬಂದಾಗಿನಿಂದ ಮೊದಲ ಸಲ. ಒಳಗೆ ಹೋಗಿ ನೀರು ತಂದೆ.

ಏಪ್ರಿಲ್ 8

ಅರ್ಧ ಬೊಂತ ಟ್ರಂಕಿನ ಮೇಲೆ. ಹೊಲಿಗೆ ಇಲ್ಲದ ಕಡೆ ಪದರಗಳು ಜಾರುತ್ತವೆ. ರಾತ್ರಿ ತನುಜ ಅದನ್ನೇ ಹೊದೆಯುತ್ತಾಳೆ, ಬೆಳಿಗ್ಗೆ ಎದ್ದು ಸರಿ ಮಾಡುತ್ತಾಳೆ. ಇವತ್ತು ಕೆರೆಗೆ ಬರುತ್ತೇನೆ ಎಂದಳು. ಅತ್ತೆ ಬಿಡಲಿಲ್ಲ.

ಏಪ್ರಿಲ್ 15. ಬೆಳಿಗ್ಗೆ

ಆಸ್ಪತ್ರೆಯ ವರಾಂಡ. ನಸುಕಿಗೇ ನೋವು ಶುರುವಾಯಿತು. ಜಗನ್‌ಗೆ ಫೋನ್ ಮಾಡಿದೆ, ದಾರಿಯಲ್ಲಿದ್ದಾನೆ. ಅತ್ತೆ ಬೆಂಚಿನ ಮೇಲೆ ತುಟಿ ಅಲ್ಲಾಡಿಸುತ್ತ ಕೂತಿದ್ದಾರೆ.

ಮನೆಯಿಂದ ಹೊರಡುವಾಗ ತನುಜ ಆಟೊ ಹತ್ತಿದವಳು ಮತ್ತೆ ಇಳಿದಳು. "ಅಪ್ಪ, ಬೊಂತ ತಗೊಂಡು ಬಾ. ಅಲ್ಲಿ ಕೂತ್ಕೊಂಡು ಹೊಲಿ. ಮಗು ಕಾಲು ಪದರದೊಳಗೆ ಸಿಕ್ಕಿಹಾಕ್ಕೊಳುತ್ತೆ."

ಹೊಲಿಯುತ್ತಿದ್ದೇನೆ. ಹೋಗುವವರು ಬರುವವರು ನಿಂತು ನೋಡುತ್ತಾರೆ. ನೋಡಲಿ.

ಒಂಬತ್ತೂವರೆ

ಒಳಗಿನಿಂದ ತನುಜಳ ಕೂಗು. ಸೂಜಿ ಹಿಡಿಯಲು ಆಗದೆ ಬರೆಯುತ್ತಿದ್ದೇನೆ. ಸಂಕ್ರಾಂತಿಯಿಂದ ಏನೂ ಆಗಿರಲಿಲ್ಲ ನನಗೆ. ಈಗ ಹೆದರಿಕೆ. ಗಂಗು ಇದ್ದಿದ್ದರೆ ಒಳಗೆ ಅವಳ ಪಕ್ಕದಲ್ಲೇ...

ಕೂಗು ನಿಂತಿತು. ಇನ್ನೊಂದು ದನಿ. ಸಣ್ಣದು. ಅತ್ತೆ ಎದ್ದು ನಿಂತರು.

ನರ್ಸಮ್ಮ ಬಾಗಿಲು ತೆಗೆದು ಕೈ ಚಾಚಿದ್ದಾರೆ, ಮಗುವಿಗೆ ಹಾಸಲು ಬಟ್ಟೆ ಏನಾದರೂ ತಂದಿದ್ದರೆ —