ಸೂತಕದ ಮಡಿಕೆ

1955, ಮಾರ್ಚ್ 3, ಗುರುವಾರ

ಬೆಳಿಗ್ಗೆಯಿಂದ ಗಂಜಿ ಕಾಯಿಸುವುದೇ ಆಯಿತು. ಮರಗೆಣಸಿನ ಹಿಟ್ಟು ಈ ಸಲ ಚೆನ್ನಾಗಿಲ್ಲ, ಬರೀ ಗಂಟು. ಸೋಸಿ ಮತ್ತೆ ಒಲೆಗಿಟ್ಟೆ. ವಠಾರದ ಹಗ್ಗದ ಉದ್ದಕ್ಕೂ ಪಾರ್ಟಿ ಹೆಂಗಸರ ತಲೆವಸ್ತ್ರಗಳು. ಗಂಜಿ ಹಾಕಿ, ಇಸ್ತ್ರಿ ಮಾಡಿ, ಮಡಚಿ ಪಿನ್ನು ಚುಚ್ಚಿಡಬೇಕು. ಆಮೇಲೆ ಟೋಪಿಯ ಹಾಗೆ ತಲೆಗೇರಿಸಿದರೆ ಮುಗಿಯಿತು. ಅಮ್ಮ ಕಲಿಸಿದ ಕೆಲಸ.

ಮಧ್ಯಾಹ್ನ ಮೆನೇರ್ ಜೇಗೆಲಾರನ ಕಾರು ಬಂತು. ಡಚ್ ಸಾಹೇಬರನ್ನು ಕರೆಯುವಂತೆ ಇವನನ್ನೂ ಮೆನೇರ್ ಎಂದೇ ಕರೆಯಬೇಕು. ಕಳೆದ ಚುನಾವಣೆಯಲ್ಲಿ ನಾವು ಗೆಲ್ಲಿಸಿದ ಮನುಷ್ಯ, ಈ ಸಲವೂ ನಿಂತಿದ್ದಾನೆ. ಕಾರಿನಿಂದ ಇಳಿಯಲಿಲ್ಲ. ಕಿಟಕಿಯಿಂದಲೇ ಮಾತು.

"ಇಪ್ಪತ್ತೇಳಕ್ಕೆ ದೊಡ್ಡ ಮೀಟಿಂಗ್ ಇದೆ, ಲೀನಾ. ಹೆಂಗಸರೆಲ್ಲ ವೇದಿಕೆ ಮೇಲೇ ಕೂರ್ಬೇಕು. ತಲೆ ಮೇಲೆ ಏನೋ ಚೆನ್ನಾಗಿ ಮಾಡ್ತೀರಲ್ಲ, ಅದನ್ನ ಮಾಡಿ."

"ನವಿಲಿನ ಬಾಲವಾ, ಮೆನೇರ್?"

"ಏನೋ ಒಂದು. ಅದೆಲ್ಲ ನಿಂಗೇ ಗೊತ್ತಲ್ಲ." ಕಾರು ಹೊರಟಿತು, ಮತ್ತೆ ನಿಂತಿತು. "ಅಂದ ಹಾಗೆ, ಅಮ್ಮ ಹೇಗಿದ್ದಾರೆ? ಈ ಸಲ ಓಡಾಟದಲ್ಲಿ ಕಾಣ್ಲೇ ಇಲ್ಲ. ಕೇಳ್ದೆ ಅಂತ ಹೇಳು."

ಅಮ್ಮ ಸತ್ತು ತಿಂಗಳಾಯಿತು.

"ಹೇಳ್ತೀನಿ, ಮೆನೇರ್" ಅಂದೆ. ನನ್ನ ಬಾಯಿಂದ ಅದು ಹೇಗೆ ಬಂತೋ.

ಅದೇ ದಿನ, ಸಂಜೆ

ಇದನ್ನು ಬರೆದಿಡಬೇಕು. ಕಳೆದ ಚುನಾವಣೆಯಲ್ಲಿ ಅಮ್ಮ ವಠಾರ ವಠಾರ ಅಲೆದಳು. ಪೆನ್ಸಿಲನ್ನೇ ಮುಟ್ಟದ ಹೆಂಗಸರ ಕೈ ಹಿಡಿದು ಕೂರಿಸಿ, "ಇವನ ಹೆಸರಿನ ಪಕ್ಕದ ಚೌಕಾನ ಕೆಂಪು ಪೆನ್ಸಿಲಲ್ಲಿ ತುಂಬು, ಗೆರೆ ದಾಟದ ಹಾಗೆ. ಅದೇ ಓಟು" ಎಂದು ಕಲಿಸಿದಳು. ಈ ಜನವರಿಯಲ್ಲೂ ಹೊರಟಳು. ಮಳೆ, ಮೈಯಲ್ಲಿ ಜ್ವರ. ಬೇಡ ಅಂದರೆ ನನಗೇ ಬೈದಳು. ಯಾರದೋ ಮೆಟ್ಟಿಲ ಮೇಲೆ ಬಿದ್ದವಳು ಏಳಲಿಲ್ಲ.

ಸಾವಿನ ಎಂಟನೇ ದಿನ, ರಾತ್ರಿಯಿಡೀ ಹಾಡುವ ಜಾಗರಣೆಗೆ ಊರೇ ಬಂತು. ಜೇಗೆಲಾರನ ಡ್ರೈವರ್ ಬಂದು ಒಂದು ಪೆಟ್ಟಿಗೆ ಲೆಮನೇಡ್ ಇಳಿಸಿ ಹೋದ. ಅವನು ಕ್ಲಬ್ಬಿನಲ್ಲಿ ಕುಣಿಯುತ್ತಿದ್ದನಂತೆ. ಕೆಲಸ ಇರಬೇಕು, ನಾಳೆ ಬಂದಾನು ಎಂದು ನಾನೇ ಎಲ್ಲರ ಬಾಯಿ ಮುಚ್ಚಿಸಿದ್ದೆ. ಈಗ ಗೊತ್ತಾಯಿತು, ಆ ಪೆಟ್ಟಿಗೆ ಯಾವ ಹೆಣಕ್ಕೆ ಹೋಯಿತು ಎಂದು ಅವನು ಕೇಳಿಯೂ ಇರಲಿಲ್ಲ.

ಅವನ ತಾಯಿ ಮಾ ಕೊರ್ನೇಲಿಯಾ ಮಾತ್ರ ಬಂದಿದ್ದಳು. ಬೆಳಗಾಗುವವರೆಗೆ ಹಾಡಿದಳು. ಆ ಹೊಟ್ಟೆಯಲ್ಲಿ ಇವನು ಹೇಗೆ ಹುಟ್ಟಿದ!

ಮಾರ್ಚ್ 5

ಬಿಡುವುದಿಲ್ಲ. ಅನ್ನ ಇಳಿಯುತ್ತಿಲ್ಲ, ಬಿಡುವುದಿಲ್ಲ ಎನ್ನುವುದೊಂದೇ ತಲೆಯಲ್ಲಿ.

ಲಂಚ, ಜಗಳ, ಪತ್ರಿಕೆಗೆ ಬರೆಯುವುದು — ಯಾವುದೂ ನನ್ನ ಕೈಯ ಕೆಲಸವಲ್ಲ. ನನಗೆ ಬರುವುದು ಮಡಚುವುದು. ತಲೆವಸ್ತ್ರದ ಒಂದೊಂದು ಮಡಿಕೆಗೂ ಒಂದೊಂದು ಮಾತು. ಮೂರು ತುದಿ ಹಿಂದಕ್ಕೆ ಚಾಚಿದರೆ 'ಆಡಿಕೊಳ್ಳಲಿ ಬಿಡು' ಎಂದು ಈ ಊರಿನ ಮಗುವಿಗೂ ಗೊತ್ತು. ನವಿಲಿನ ಬಾಲ ಹಬ್ಬಕ್ಕೆ. ಸೂತಕದ್ದು ಬೇರೆ. ಬಾಲವಿಲ್ಲ, ಮೇಲೆದ್ದ ತುದಿಯಿಲ್ಲ, ಎಲ್ಲ ಒಳಗೆ ಸೇರಿಸಿ ತಲೆಗೆ ಅಂಟಿಸುವುದು.

ಅವನಿಗೆ ಇದು ಓದಲು ಬಾರದು. ಚಿಕ್ಕಂದಿನಲ್ಲೇ ಪಾದ್ರಿಯ ಜೊತೆ ಹಾಲೆಂಡಿಗೆ ಹೋದವನು. ಲ್ಯಾಟಿನ್ ಬರುತ್ತದಂತೆ. ಹೆತ್ತವಳ ತಲೆ ಓದಲು ಬಾರದು.

ಮಾರ್ಚ್ 12

ಹೆಂಡ್ರೀನಾಗೆ ಹೇಳಿದೆ, ಇಪ್ಪತ್ತೇಳಕ್ಕೆ ಎಲ್ಲರ ತಲೆಗೂ ಸೂತಕದ ಮಡಿಕೆ ಎಂದು. ಮಹಿಳಾ ಗುಂಪಿನ ಮುಂದಾಳು ಅವಳೇ. ಅವಳು ಒಪ್ಪದೆ ಯಾರೂ ಒಪ್ಪುವುದಿಲ್ಲ. ಮೀನು ಕೊಯ್ಯುತ್ತಿದ್ದವಳು ಚಾಕು ಕೆಳಗಿಟ್ಟಳು.

"ಬದುಕಿರೋನಿಗೆ ಸೂತಕಾನಾ? ತಲೆ ಕೆಟ್ಟಿದೆಯೇನೇ ನಿಂಗೆ?"

"ಅವನ ಪಾಲಿಗೆ ನಮ್ಮಮ್ಮ ಇನ್ನೂ ಬದುಕಿದ್ದಾಳೆ ಅಕ್ಕಾ. ಹೇಗಿದ್ದಾರೆ ಅಂತ ಕೇಳಿ ಹೋದ. ನಮ್ಮ ಪಾಲಿಗೆ ಅವನು ಸತ್ತ. ಅಷ್ಟೇ."

"ಕೇಳಿದ್ನಾ? ಹಾಗೇ ಕೇಳಿದ್ನಾ?"

"ಕಾರಿನಿಂದ ತಲೆ ಹೊರಗೆ ಹಾಕಿ."

ಹೆಂಡ್ರೀನಾ ಮೀನಿನ ಕೈ ತೊಳೆದುಕೊಂಡಳು. ಅವಳಿಗೆ ಪೆನ್ಸಿಲ್ ಹಿಡಿಯಲು ಕಲಿಸಿದ್ದೂ ಅಮ್ಮನೇ. ಸೆರಗಿನಷ್ಟು ಅಗಲದ ಏಪ್ರನ್ನಿನಿಂದ ಮೂಗು ಒರೆಸಿಕೊಂಡು, "ನವಿಲಿನ ಬಾಲ ನನ್ನ ಮೂತಿಗೆ ಒಪ್ಪೋದೂ ಇಲ್ಲ ಬಿಡು. ಉಳಿದೋರಿಗೆ ನಾನು ಹೇಳ್ತೀನಿ" ಅಂದಳು.

ಮಾರ್ಚ್ 26, ಶನಿವಾರ

ಎಲ್ಲ ಮಡಚಿ ಆಯಿತು. ಬೆರಳ ತುದಿ ಸುಲಿದಿದೆ. ಇಷ್ಟು ಹುರುಪಿನಿಂದ ಯಾವ ಮದುವೆಗೂ ಮಡಚಿದವಳಲ್ಲ. ಯಾರೂ ಹಿಂದೆ ಸರಿಯಲಿಲ್ಲ. ಇಬ್ಬರು ಹೆದರಿದರು, ದೇವರು ಮೆಚ್ಚುವುದಿಲ್ಲ ಎಂದರು. ಹೆಂಡ್ರೀನಾ ಗದರಿಸಿದಳು. ಸರಿಹೋದರು.

ಮಾರ್ಚ್ 27, ಭಾನುವಾರ

ಆಯಿತು! ಆಯಿತು!

ಮೈದಾನ ಕಿಕ್ಕಿರಿದಿತ್ತು. ಬ್ಯಾಂಡು, ಬಾವುಟ, ಶುಂಠಿ ಬಿಯರು. ನಾವು ಸಾಲಾಗಿ ವೇದಿಕೆ ಹತ್ತಿದೆವು. ಕೆಳಗೆ ಮುಂದಿದ್ದ ಹೆಂಗಸರ ನಗು ಅಲ್ಲಲ್ಲೇ ನಿಂತಿತು. ಒಬ್ಬಳು ಪಕ್ಕದವಳನ್ನು ತಿವಿದಳು. ಅವಳು ಹಿಂದಿನವಳನ್ನು. ಗುಸುಗುಸು ಮೈದಾನದ ಕೊನೆಯವರೆಗೂ ಹೋದದ್ದು ನನಗೆ ಮೇಲಿನಿಂದ ಕಾಣುತ್ತಿತ್ತು. ಗಂಡಸರು ಮಾತ್ರ ಚಪ್ಪಾಳೆ ತಟ್ಟುತ್ತಲೇ ಇದ್ದರು, ಪೆದ್ದರು.

ಅವನು ಮೈಕಿನ ಮುಂದೆ ನಿಂತು ನಮ್ಮ ಕಡೆ ಕೈ ತೋರಿಸಿದ. "ನೋಡಿ ನಮ್ಮ ತಾಯಂದಿರನ್ನ! ಎಷ್ಟು ಚೆಂದ ಸಿಂಗಾರ ಮಾಡ್ಕೊಂಡು ಬಂದಿದ್ದಾರೆ, ನನಗೋಸ್ಕರ!"

ಯಾರೋ ಒಬ್ಬಳು ಕೆಳಗಿನಿಂದ ಕೂಗಿದಳು. "ಹೌದು ಮೆನೇರ್, ನಿಮಗೋಸ್ಕರಾನೇ!"

ಆ ನಗು! ಅವನೂ ನಕ್ಕ. ಅಮ್ಮಾ, ನೀನಿರಬೇಕಿತ್ತು.

ಒಂದು ವಿಷಯ. ಯಾವತ್ತೂ ತಾಯಿಯನ್ನು ಜನರ ಮುಂದೆ ತರದವನು ಇವತ್ತು ತಂದಿದ್ದ. ಓಟಿಗೆ ಒಳ್ಳೆಯದೆಂದು ಯಾರೋ ಹೇಳಿರಬೇಕು. ವೇದಿಕೆ ಮೇಲೆ ಮುಂದಿನ ಕುರ್ಚಿಯಲ್ಲಿ ಮಾ ಕೊರ್ನೇಲಿಯಾ, ನವಿಲಿನ ಬಾಲ ಕಟ್ಟಿಕೊಂಡು. ಬರುತ್ತಾಳೆಂದು ನನಗೆ ಗೊತ್ತಿರಲಿಲ್ಲ. ನಮ್ಮ ಕಡೆ ತಿರುಗಿದಳು. ಮೊದಲ ಸಾಲು ನೋಡಿದಳು, ಎರಡನೆಯದು ನೋಡಿದಳು. ನಾನು ಬ್ಯಾಂಡಿನವರ ಕಡೆ ಮುಖ ತಿರುಗಿಸಿದೆ.

ಮಾರ್ಚ್ 28

ಮಾರ್ಕೆಟ್ಟಿನಲ್ಲಿ ಬೇರೆ ಮಾತೇ ಇಲ್ಲ. ಮೀನಿನವಳು ನನಗೆ ಒಂದು ಮೀನು ಹೆಚ್ಚಿಗೆ ಹಾಕಿದಳು. "ಸತ್ತೋನಿಗೆ ಓಟು ಹಾಕಿದ್ರೆ ಸೀಟಲ್ಲಿ ಯಾರು ಕೂರ್ತಾರೆ, ದೆವ್ವಾನಾ?" ಎಂದು ಒಬ್ಬಳು. ಗಂಡಸರಿಗೂ ತಿಳಿದುಹೋಗಿದೆ. ಹೆಂಡತಿಯರು ಹೇಳಿದ್ದಾರೆ.

ಮಧ್ಯಾಹ್ನ ಅವನ ಡ್ರೈವರ್. ಈ ಸಲ ಲೆಮನೇಡ್ ಇಲ್ಲ.

"ಅಕ್ಕಾ, ನಾಳೆ ಓಟಿಗೆ ಹೆಂಗಸರೆಲ್ಲ ನವಿಲಿನ ಬಾಲ ಕಟ್ಕೊಂಡು ಬರ್ಬೇಕಂತೆ. ಮೆನೇರ್ ಹೇಳಿ ಕಳಿಸಿದ್ರು."

"ಅಯ್ಯೋ, ಸತ್ತ ಮೇಲೂ ಹೇಳಿ ಕಳಿಸ್ತಾರಾ?"

ಪಾಪ, ಶಿಲುಬೆಯ ಗುರುತು ಹಾಕಿಕೊಂಡು ಓಡಿದ. ನನ್ನ ಹೊಟ್ಟೆ ತಣ್ಣಗಾಯಿತು. ತಿಂಗಳ ಮೇಲೆ ಇವತ್ತು ಎರಡು ತಟ್ಟೆ ಉಂಡೆ.

ಮಾ ಕೊರ್ನೇಲಿಯಾ ಮಾರ್ಕೆಟ್ಟಿಗೆ ಬಂದಿರಲಿಲ್ಲ. ಕಾಲುನೋವು ಇದ್ದೀತು.

ಮಾರ್ಚ್ 29, ಮಂಗಳವಾರ, ಬೆಳಿಗ್ಗೆ

ಹಂಡೆ ತೊಳೆಯುತ್ತಿದ್ದೆ. ಗೇಟಿನ ಸದ್ದು. ಮಾ ಕೊರ್ನೇಲಿಯಾ, ಒಬ್ಬಳೇ, ನಡೆದುಕೊಂಡು ಬಂದಿದ್ದಾಳೆ. ಬರಿತಲೆ. ಅವಳ ಕೂದಲನ್ನು ನಾನು ಇವತ್ತೇ ನೋಡಿದ್ದು. ಕೈಯಲ್ಲಿ ಒಂದು ಬಿಳಿ ಬಟ್ಟೆ, ಗಂಜಿ ಹಾಕಿ ಇಸ್ತ್ರಿ ಮಾಡಿದ್ದು.

ಬೈಯಲಿ ಎಂದು ಕಾದೆ. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಬೈಯಲಿಲ್ಲ. ಬಟ್ಟೆ ಚಾಚಿದಳು.

"ಇದನ್ನ ಮಡಚಿಕೊಡು, ಲೀನಾ. ನನ್ನ ಬೆರಳು ಬಗ್ಗಲ್ಲ."

"ಓಟಿಗೆ ಹೊರಟ್ರಾ, ಮಾ? ನವಿಲಿನ ಬಾಲ ಕಟ್ಲಾ?"

"ಬೇಡ. ಭಾನುವಾರ ಅವರಿಗೆಲ್ಲ ಕಟ್ಟಿದ್ಯಲ್ಲ, ಅದೇ."

ಹಂಡೆ ಬದಿಗಿಟ್ಟು ಒದ್ದೆ ಕೈ ಒರೆಸಿಕೊಂಡೆ.

"ನಿಮ್ಮಮ್ಮನ ಜಾಗರಣೆಗೆ ಅವನು ಬರ್ಲಿಲ್ಲ. ನಂಗೊತ್ತಮ್ಮ. ಅವನ ಬದ್ಲು ನಾನು ಕೂತೆ. ಸಾಲ್ದು ಅನ್ನೋದೂ ಗೊತ್ತು. ಈಗ ಊರಿಗೆ ಊರೇ ನನ್ನ ಮಗನಿಗೆ ಸೂತಕ ಹಿಡಿದಿದೆ. ಹೆತ್ತೋಳು ನಾನೊಬ್ಳು ಹಬ್ಬದ ತಲೆ ಹೊತ್ಕೊಂಡು ತಿರುಗೋದಾ? ಕಟ್ಟಿಕೊಡು."

ಬಟ್ಟೆ ತೆಗೆದುಕೊಂಡು ಒಳಗೆ ಬಂದೆ. ಅವಳು ಅಂಗಳದ ಬೆಂಚಿನ ಮೇಲೆ ಕೂತಿದ್ದಾಳೆ. ಅವನು ಇವತ್ತು ಸೋಲುತ್ತಾನೆ. ಸೋಲಲಿ, ಮಣ್ಣು ಮುಕ್ಕಲಿ. ಅದಕ್ಕೆ ನನಗೆ ಈಗಲೂ ಮರುಕ ಇಲ್ಲ, ಬರೆದಿಡುತ್ತೇನೆ, ಇಲ್ಲ. ಪಿನ್ನು ಬಾಯಲ್ಲಿ ಕಚ್ಚಿಕೊಂಡು ಮೊದಲನೆಯ ಮಡಿಕೆ ಹಾಕಿದೆ. ಎರಡನೆಯದಕ್ಕೆ ಕೈ ಏಳಲಿಲ್ಲ. ಅದಕ್ಕೇ ಈ ಡೈರಿ ತೆಗೆದು ಬರೆಯುತ್ತ ಕೂತಿದ್ದೇನೆ.

ಹೊರಗಿನಿಂದ ಕೇಳುತ್ತಿದ್ದಾಳೆ, "ಆಯ್ತೇನಮ್ಮಾ?"

ಏನೆಂದು ಹೇಳಲಿ. ಸೂತಕ ಕಟ್ಟಬೇಡಿ, ಅವನು ಬದುಕಿದ್ದಾನೆ ಮಾ ಎಂದು ನನ್ನ ಬಾಯಿಂದಲೇ ಹೇಳಬೇಕೇ —