ಗುಡ್ಡಕ್ಕೊಂದು ರಿವಾಲ್ವರ್

ಮಾರ್ಚ್ 9, ಭಾನುವಾರ

ಮತ್ತೆ ಶೂಟಿಂಗ್ ಕ್ಲಬ್. ನಾಲ್ಕು ಇಂಚಿನ ನಳಿಕೆಯ ರಿವಾಲ್ವರ್‌ನಲ್ಲಿ ಮೂವತ್ತು ಗುಂಡು, ಆರು ಇಂಚಿನದರಲ್ಲಿ ಮೂವತ್ತು. ಆರೇ ಸರಿ ಅನ್ನಿಸುತ್ತಿದೆ. ಮೂತಿ ಭಾರ, ಆದರೆ ಒದೆತ ಕಡಿಮೆ. ಎಡಗೈ ಆಸರೆಗೆ ಬರುವುದಿಲ್ಲವಲ್ಲ — ಮೋಟರ್‌ವೇಯಲ್ಲಿ ಆಕ್ಸಿಡೆಂಟ್ ಆಗಿ ಹದಿನಾಲ್ಕು ತಿಂಗಳು, ಇನ್ನೂ ಭುಜದ ಮಟ್ಟಕ್ಕೆ ಏಳುತ್ತಿಲ್ಲ. ರೈಫಲ್ಲಿಗೆ ಎರಡು ಕೈ ಬೇಕು. ಮೈಸೂರಿನ ಎನ್‌ಸಿಸಿಯಲ್ಲಿ ಕಲಿತದ್ದು, ಇಲ್ಲಿ ಏಳು ವರ್ಷ ಜಿಂಕೆಯ ಹಿಂದೆ ಗುಡ್ಡ ಹತ್ತಿದ್ದು... ಈಗ ರೈಫಲ್ ಬೀಗ ಹಾಕಿದ ಬೀರುವಿನಲ್ಲಿ.

ಈ ದೇಶದಲ್ಲಿ ರಿವಾಲ್ವರ್ ಹಾರಿಸುವುದು ಕ್ಲಬ್‌ನ ರೇಂಜ್‌ನಲ್ಲಿ, ಕಾಗದದ ಗುರಿಗೆ ಮಾತ್ರ. ಬೇಟೆಗೆ ಒಯ್ದರೆ ಅಪರಾಧ. ಗೊತ್ತು. ಪೊಲೀಸರಿಗೆ ಕೊಡುವ ಪರ್ಮಿಟ್ ಅರ್ಜಿಯಲ್ಲಿ ಕಾರಣ ಕೇಳಿದ ಕಡೆ ‘ಟಾರ್ಗೆಟ್ ಶೂಟಿಂಗ್’ ಎಂದು ಬರೆದು ಕಳಿಸಿ ಎರಡು ವಾರವಾಯಿತು.

ಕ್ಲಬ್‌ನ ಗಗನ್ ಪಾರ್ಕಿಂಗ್‌ನಲ್ಲಿ ಸಿಕ್ಕ. ಹುಬ್ಬಳ್ಳಿಯವನು, ಊರ ಹೊರಗೆ ಪಾಪಕುರಾದ ಆಚೆ ಹನ್ನೆರಡು ಎಕರೆ ಇದೆ. ಕಾಡುಮೇಕೆಗಳು ಅವನ ಸಸಿ ಒಂದನ್ನೂ ಉಳಿಸುವುದಿಲ್ಲ.

“ನಂದ ಜಾಗಾ ಐತ್ರಿ ಅಕ್ಕಾ. ಯಾರ್ ನೋಡಾಕ್ ಬರ್ತಾರ? ಪರ್ಮಿಟ್ ಬರ್ಲಿ, ಒಂದ್ ಸ್ಕೋಪ್ ಹಾಕ್ಸ್ರಿ, ನಡೀರಿ.”

ನಕ್ಕೆ. ಬೇಡ ಅನ್ನಲಿಲ್ಲ.

ಮಾರ್ಚ್ 15, ಶನಿವಾರ

ಗುರಿ ಹಿಡಿಯುವ ದುರ್ಬೀನು, ಸ್ಕೋಪ್, ನೋಡಲು ಬಂದೂಕಿನ ಅಂಗಡಿಗೆ ಹೋಗಿದ್ದೆ. ರೈಫಲ್ಲಿನದು ಕಣ್ಣಿನ ಹತ್ತಿರ ಬರಬೇಕು, ರಿವಾಲ್ವರ್‌ನದು ಚಾಚಿದ ಕೈಯಷ್ಟು ದೂರದಿಂದಲೇ ಪೂರ್ತಿ ಕಾಣಬೇಕು. ನಾಲ್ಕು ಪಟ್ಟು ದೊಡ್ಡದಾಗಿ ತೋರಿಸುವುದರಲ್ಲಿ ಗೋಡೆ ಗಡಿಯಾರದ ಅಂಕಿಗಳು ಚೆನ್ನಾಗಿ ಕಂಡವು, ಜೊತೆಗೆ ನನ್ನ ಕೈನಡುಕವೂ. ಎರಡು ಪಟ್ಟು ತೋರಿಸುವುದರಲ್ಲಿ ನಡುಕ ಕಡಿಮೆ ಕಂಡಿತು. ಕಡಿಮೆ ಆಗಿರಲಿಲ್ಲ, ಕಂಡಿತು ಅಷ್ಟೆ.

“ರೇಂಜ್‌ಗಾ?” ಎಂದ ಅಂಗಡಿಯವನು. ಹೌದು ಎಂದೆ.

ವಾಪಸು ಬರುವಾಗ ಕಾರಿನಲ್ಲಿ ಕೇದಾರ್: “ಪೇಪರ್‌ಗೆ ಹೊಡ್ಯೋಕೆ ಇಷ್ಟೆಲ್ಲ ಯೋಚ್ನೆ ಯಾಕೆ ಯಾಮಿನಿ?”

ಹೇಳಿದೆ. ಗುಡ್ಡಕ್ಕೆ, ಬೇಟೆಗೆ ಎಂದು. ಗಂಡನಿಗೂ ಹೇಳದೆ ಇರುವುದು ಹೇಗೆ. ಮಾಂಸ ಮುಟ್ಟದ ಮನುಷ್ಯ, ಏಳು ವರ್ಷ ನಾನು ಜಿಂಕೆ ಮಾಂಸ ತರುತ್ತಿದ್ದ ಐಸ್‌ಪೆಟ್ಟಿಗೆ, ಆ ಚಿಲ್ಲಿಬಿನ್, ತೊಳೆದಿದ್ದಾನೆ. ಮನೆ ಮುಂದೆ ಕಾರು ನಿಲ್ಲಿಸಿ ಕೇಳಿದ, “ಪರ್ಮಿಟ್ ಕೊಡೋ ಮೊದ್ಲು ಪೊಲೀಸ್ ಕಡೆಯೋರು ನನ್ನೂ ಕೇಳ್ತಾರಲ್ವಾ?”

“ಕೇಳ್ತಾರೆ. ಬೇರೆಯಾಗಿ ಕೂರಿಸ್ಕೊಂಡು.”

“ಹೂಂ,” ಎಂದ.

ಮಾರ್ಚ್ 30, ಭಾನುವಾರ

ಸುಮ್ಮನೆ ಗಗನ್‌ನ ಜಾಗ ನೋಡಲು ಎಂದು ಹೋದೆ. ಅವನು ಯೂಟ್ ಪಿಕಪ್‌ನ ಸೀಟಿನ ಹಿಂದಿನಿಂದ ತನ್ನ ರಿವಾಲ್ವರ್ ತೆಗೆದ, ಸ್ಕೋಪ್ ಸಮೇತ. ಬೇಡವೋ ಎಂದೆ. ಎಂದೆನೇ? ಮೆಲ್ಲಗೆ ಎಂದಿರಬೇಕು.

ಅರವತ್ತು ಮೀಟರ್. ಕಂದು ಮೇಕೆ, ಪಕ್ಕದಲ್ಲಿ ಮರಿ. ಗಗನ್ ಹಾರಿಸಿದ ಗುಂಡು ಮೇಕೆಯ ಸೊಂಟಕ್ಕೆ ಬಿತ್ತು. ಬೀಳಲಿಲ್ಲ ಅದು — ಹಿಂಗಾಲು ಎಳೆದುಕೊಂಡೇ ಪೊದೆಯೊಳಗೆ ಹೋಯಿತು. ಮೂರು ಗಂಟೆ ಹುಡುಕಿದೆವು. ಜರಿಗಿಡದ ಎಲೆಗಳ ಮೇಲೆ ಸ್ವಲ್ಪ ದೂರ ರಕ್ತ, ಆಮೇಲೆ ಅದೂ ಇಲ್ಲ. ಎಲ್ಲೋ ಮರಿ ಕೂಗುತ್ತಿತ್ತು.

“ಸತ್ತಿರತೈತಿ ಬಿಡ್ರಿ ಅಕ್ಕಾ.”

ಅವನಿಗೆ ಎರಡು ಗಟ್ಟಿ ಕೈಗಳಿವೆ. ನನಗೆ ಒಂದು.

ಕೇದಾರ್‌ಗೆ ಹೇಳಿಲ್ಲ. ಜಾಗ ಹೇಗಿತ್ತು ಎಂದ. ಚೆನ್ನಾಗಿತ್ತು ಎಂದೆ.

ಏಪ್ರಿಲ್ 12, ಶನಿವಾರ

ಪೊಲೀಸ್ ಕಡೆಯಿಂದ ಫೋನ್ ಬಂತು. ಬುಧವಾರ ಮಧ್ಯಾಹ್ನ ಇಂಟರ್‌ವ್ಯೂ, ಮನೆಯಲ್ಲೇ.

ಬೆಳಿಗ್ಗೆ ಬಾತ್‌ರೂಮಿನ ಬಾಗಿಲಾಚೆ ಕೇದಾರ್‌ನ ದನಿ. ಯಾರ ಜೊತೆ ಮಾತು ಎಂದು ನಿಂತೆ. ಕನ್ನಡಿಯ ಮುಂದೆ ಇಂಗ್ಲಿಷ್‌ನಲ್ಲಿ ಅಭ್ಯಾಸ ಮಾಡುತ್ತಿದ್ದಾನೆ — ಅವಳಿಗೆ ಅದು ರಿಲ್ಯಾಕ್ಸ್ ಆಗೋಕೆ, ಕ್ಲಬ್‌ನಲ್ಲಿ ಮಾತ್ರ. ಮೂರು ಸಲ. ಒಂದು ಸಲ ನಗುತ್ತಾ, ಒಂದು ಸಲ ಗಂಭೀರವಾಗಿ. ಲೈಬ್ರರಿ ಪುಸ್ತಕದ ಹಾಳೆ ಹರಿದರೆ ತಾನೇ ಫೋನ್ ಮಾಡಿ ಒಪ್ಪಿಕೊಳ್ಳುವವನು.

ಅರ್ಜಿ ವಾಪಸು ತೆಗೆದುಕೊಳ್ಳಬಹುದು. ಒಂದು ಇಮೇಲ್ ಸಾಕು. ಟೈಪ್ ಮಾಡಿದೆ, ಅಳಿಸಿದೆ. ಕಳಿಸಿದರೆ ಗುಡ್ಡ ಮುಗಿಯಿತು. ನಲವತ್ತೆರಡನೇ ವಯಸ್ಸಿಗೇ.

ಏಪ್ರಿಲ್ 16, ಬುಧವಾರ, ಮಧ್ಯಾಹ್ನ 3.50

ಆಫೀಸರ್ ಬಂದಿದ್ದಾರೆ. ಹೆಂಗಸು, ಅರವತ್ತರ ಹತ್ತಿರ, ಮೃದು ಮಾತು. ಮೊದಲು ನನ್ನದಾಯಿತು. ನಲವತ್ತು ನಿಮಿಷ. ಎಲ್ಲಕ್ಕೂ ಸಲೀಸಾಗಿ ಉತ್ತರ ಕೊಟ್ಟೆ.

ಈಗ ಹಾಲ್‌ನಲ್ಲಿ ಕೇದಾರ್. ನಾನು ಬೆಡ್‌ರೂಮಿನಲ್ಲಿ. ತೆಳು ಗೋಡೆ, ಎಲ್ಲ ಕೇಳುತ್ತದೆ. ಮದುವೆಯಾಗಿ ಎಷ್ಟು ವರ್ಷ... ಜಗಳ... ಕುಡಿತ... ರಿವಾಲ್ವರ್ ಯಾಕೆ ಬೇಕಂತೆ ನಿಮ್ಮ ಹೆಂಡತಿಗೆ?

ಅಭ್ಯಾಸ ಮಾಡಿದ ವಾಕ್ಯ ಬರುತ್ತಿಲ್ಲ ಅವನಿಗೆ. “ಅವಳು...” ಎಂದ. ಮತ್ತೆ “ಅವಳು...”

ಸಂಜೆ 6.30

ಹೋಗಿ ಹೇಳಿಬಿಟ್ಟೆ. ಬಾಗಿಲಲ್ಲೇ ನಿಂತು — ಅವನನ್ನು ಕೇಳಬೇಡಿ, ಬೇಟೆಗೇ ಬೇಕಿತ್ತು, ಬರೆದದ್ದು ಸುಳ್ಳು.

ಆಫೀಸರ್ ಪೆನ್ನು ಕೆಳಗಿಟ್ಟರು. ಹಾಗೆ ರಿವಾಲ್ವರ್‌ನಲ್ಲಿ ಬೇಟೆಯಾಡಿದವರನ್ನು ನೋಡಿದ್ದೀರಾ ಎಂದು ಕೇಳಿದರು. ಕೇದಾರ್ ನನ್ನ ಮುಖವನ್ನೇ ನೋಡುತ್ತಿದ್ದ. ಮೇಕೆಯ ವಿಷಯ ಹೇಳಿದೆ. ಗಗನ್‌ನ ಹೆಸರನ್ನೂ.

ಈ ಅರ್ಜಿ ಮುಗಿಯಿತು. ರೈಫಲ್ ಲೈಸೆನ್ಸ್ ಉಳಿಯುತ್ತದೋ ಇಲ್ಲವೋ, ಮಾತು ಕೊಡಲಾರೆ ಎಂದರು.

ಕೇದಾರ್ ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಕೇಳಿದ್ದು, “ಮರಿ ಏನಾಯ್ತು?”

“ಗೊತ್ತಿಲ್ಲ ಕಣೋ.”

ಅನ್ನಕ್ಕೆ ಇಟ್ಟು ಬಂದ. ಪಕ್ಕದಲ್ಲಿ ಕೂತ.

ಗಗನ್‌ನ ಮೆಸೇಜ್: “ಹೆಂಗಾತ್ರಿ ಅಕ್ಕಾ? ಪಾಸ್?” ಉತ್ತರ ಕೊಟ್ಟಿಲ್ಲ. ಈಗ ಫೋನ್ ಮಾಡುತ್ತಿದ್ದಾನೆ. ಎರಡನೇ ಸಲ. ಕೇದಾರ್, “ನಾನ್ ಎತ್ಲಾ?” ಎನ್ನುತ್ತಿದ್ದಾನೆ.

ಬೇಡ. ಇದನ್ನೂ ಕೇದಾರ್ ಕೈಲಿ ಮಾಡಿಸಲಾರೆ. ಎತ್ತುತ್ತೇನೆ. ಗಗನ್ ಅಕ್ಕಾ ಅನ್ನುವ ಮೊದಲೇ ಹೇಳುತ್ತೇನೆ, ನಿನ್ನ ಹೆಸರು ಪೊಲೀಸರಿಗೆ ಕೊಟ್ಟಿದ್ದೇನೆ ಎಂದು.